ಚಾರ್ಮಾಡಿ ಇಳಿಯುವಾಗ ಕಾರಿನ ಮೂತಿ ಹೊರಗೆ ಹೋಗುತ್ತಿದೆ. ಸಸ್ಪೆನ್ಷನ್‌ನಲ್ಲಿ ಏನು ಸರಿ ಮಾಡಬೇಕು?

ಘಟ್ಟದಸವಾರ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಸ್ವಿಫ್ಟ್ ಪೆಟ್ರೋಲ್, 62,000 ಕಿಮೀ ಓಡಿದೆ. ಕೆಲಸ ಹಾಸನದಲ್ಲಿ, ಮನೆ ಬೆಳ್ತಂಗಡಿಯಲ್ಲಿ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ವಾರ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತೇನೆ. ಈ ರಸ್ತೆ ನನಗೆ ಬಾಯಿಪಾಠ.

ಇಳಿಜಾರಿನ ಹೇರ್‌ಪಿನ್‌ಗಳಲ್ಲಿ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುತ್ತಿಲ್ಲ. ಇನ್ನೂ ತಿರುಗಿಸುತ್ತೇನೆ, ಮುಂದಿನ ಟೈರ್ ಕಿರುಗುಡುತ್ತದೆ, ಎಡ ತಿರುವಾಗಿದ್ದರೆ ಅಷ್ಟರಲ್ಲಿ ಎದುರಿನ ಲೇನ್ ಹತ್ತಿರ ಬಂದಿರುತ್ತದೆ. ನಾನು ಜೋರಾಗಿ ಓಡಿಸುವವನಲ್ಲ. ಮೊದಲು ಇದೇ ವೇಗಕ್ಕೆ ಹೀಗೆ ಆಗುತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ 35 ಮಿಮೀ ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ. ನೋಡಲು ಚೆನ್ನಾಗಿರುತ್ತದೆ, ತಿರುವಿನಲ್ಲೂ ಗಟ್ಟಿಯಾಗಿ ಕೂರುತ್ತದೆ ಅಂದರು. ಶಾಕ್ಸ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಹಳೆಯವೇ. ಟೈರ್ 185/65 ಆರ್15, ಗಾಳಿ ನಾಲ್ಕಕ್ಕೂ 33 ಪಿಎಸ್‌ಐ. ಈಗ ಗ್ಯಾರೇಜಿನವರು ಮುಂದೆ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕೋಣ, ಜೊತೆಗೆ ಸ್ಟ್ರಟ್ ಬಾರ್ (ಬಾನೆಟ್ ಒಳಗೆ ಮುಂದಿನ ಎರಡು ಶಾಕ್‌ಗಳ ತಲೆ ಜೋಡಿಸುವ ಕಂಬಿ) ಹಾಕೋಣ ಅನ್ನುತ್ತಿದ್ದಾರೆ. ಹಣ ಕೊಡುವ ಮೊದಲು ತಿಳಿದವರನ್ನು ಕೇಳೋಣ ಅನ್ನಿಸಿತು.

ಟ್ರ್ಯಾಕ್‌ದಿನ, ಬೆಂಗಳೂರು

ಗ್ಯಾರೇಜಿನವರು ಸರಿಯಾಗೇ ಹೇಳಿದ್ದಾರೆ. ಗಾಡಿ ವಾಲುವುದು ಕಡಿಮೆಯಾದರೆ ಹಿಡಿತ ಜಾಸ್ತಿ. ರೇಸ್ ಕಾರುಗಳೆಲ್ಲ ಕಲ್ಲಿನ ಹಾಗೆ ಗಟ್ಟಿ ಇರುತ್ತವೆ, ಅಲ್ವಾ? ಮುಂದೆ ಗಟ್ಟಿ ಮಾಡಿಸಿ, ಆಮೇಲೆ ಹಿಂದೆ ನೋಡಿ.

ಅಲೈನ್ಮೆಂಟ್ಅಂಗಡಿ, ಮೈಸೂರು

ಬೇಡ. ಖಂಡಿತ ಬೇಡ.

ಇಪ್ಪತ್ತು ವರ್ಷದಿಂದ ವೀಲ್ ಅಲೈನ್ಮೆಂಟ್ ಕೆಲಸ ಮಾಡುತ್ತಿದ್ದೇನೆ. ಮೂತಿ ಹೊರಗೆ ಹೋಗುತ್ತದೆ ಎಂದು ಬರುವ ಹತ್ತು ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹೊಸ ಪಾರ್ಟ್ ಬೇಕಿರುವುದಿಲ್ಲ. ಸವೆದದ್ದನ್ನು ಸರಿ ಮಾಡಿದರೆ ಸಾಕು. ಮೊದಲು ಇಷ್ಟು ನೋಡಿ ಹೇಳಿ ಸರ್. ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿಯುವ ತೋಳು) ಹಿಂದಿನ ರಬ್ಬರ್ ಬುಷ್ ಹರಿದಿದೆಯಾ? ಪಿಟ್ ಮೇಲೆ ನಿಲ್ಲಿಸಿ, ಜ್ಯಾಕ್‌ನಲ್ಲಿ ಎತ್ತಬೇಡಿ, ಭಾರ ಚಕ್ರದ ಮೇಲೆ ಇರುವಾಗಲೇ ರಾಡ್ ಹಾಕಿ ಅಲ್ಲಾಡಿಸಿ ನೋಡಿ. ಲಿಂಕ್ ರಾಡ್ (ವಾಲುವುದನ್ನು ತಡೆಯುವ ಕಂಬಿಯನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಕಡ್ಡಿ) ಟಕಟಕ ಅನ್ನುತ್ತದೆಯಾ? ಶಾಕ್ಸ್‌ನಿಂದ ಎಣ್ಣೆ ಜಿನುಗಿದೆಯಾ? ಸ್ಪ್ರಿಂಗ್ ಹಾಕಿಸಿದ ಮೇಲೆ ಅಲೈನ್ಮೆಂಟ್ ಮಾಡಿಸಿದಿರಾ, ಇಲ್ಲವಾ? ಮಾಡಿಸಿದ್ದರೆ ಪ್ರಿಂಟ್ ಕೊಟ್ಟಿರುತ್ತಾರೆ, ಅದರ ಅಂಕಿ ಇಲ್ಲಿ ಹಾಕಿ.

ಘಟ್ಟದಸವಾರ, ಹಾಸನ

ಅಲೈನ್ಮೆಂಟ್ ಮಾಡಿಸಿರಲಿಲ್ಲ ಸರ್. ಈವತ್ತು ಮಾಡಿಸಿದೆ, ಏನೂ ಬದಲಾಯಿಸಬೇಡಿ, ಬರೀ ಅಳೆದು ಕೊಡಿ ಅಂದೆ. ಮುಂದಿನ ಟೋ, ಅಂದರೆ ಮೇಲಿನಿಂದ ನೋಡಿದರೆ ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರುವುದು, ಎರಡೂ ಸೇರಿ 4 ಮಿಮೀ ಒಳಮುಖ. ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದರೆ ಚಕ್ರ ಎಷ್ಟು ಡಿಗ್ರಿ ವಾಲಿದೆ ಅನ್ನುವುದು (ಮೈನಸ್ ಅಂದರೆ ಮೇಲ್ಭಾಗ ಒಳಗೆ), ಎಡ ಮೈನಸ್ 0.6, ಬಲ ಮೈನಸ್ 0.2. ಎಡಗಡೆ ಲೋವರ್ ಆರ್ಮ್ ಬುಷ್ ಹರಿದಿದೆ, ಬೆರಳು ತೂರುವಷ್ಟು ಬಿರುಕು. ಬಲಗಡೆಯ ಮುಂದಿನ ಶಾಕ್ ಮೇಲೆ ಎಣ್ಣೆಯ ಪದರ, ಅದರ ಮೇಲೆ ಧೂಳು ಅಂಟಿದೆ.

ಅಲೈನ್ಮೆಂಟ್ಅಂಗಡಿ, ಮೈಸೂರು

ನೋಡಿ, ಇಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು.

ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಎಳೆಯುತ್ತದೆ. ಅದನ್ನು ತಡೆಯುವುದು ಆ ಹಿಂದಿನ ಬುಷ್ಷೇ. ಅದು ಹರಿದರೆ ಬ್ರೇಕ್ ಒತ್ತಿದ ಪ್ರತಿ ಸಲ ಎಡ ಚಕ್ರದ ದಿಕ್ಕು ತಾನೇ ಬದಲಾಗುತ್ತದೆ. ನಿಂತ ಗಾಡಿಯಲ್ಲಿ ಮೆಷಿನ್ ತೋರಿಸುವ ಟೋ ಒಂದು, ಓಡುವಾಗ ಇರುವ ಟೋ ಇನ್ನೊಂದು. ಹಾಗಾಗಿ ಬುಷ್ ಹಾಕಿಸದೆ ಅಲೈನ್ಮೆಂಟ್ ಮಾಡಿಸುವುದು ದುಡ್ಡು ದಂಡ.

ಇನ್ನೊಂದು ಮಾತು, ಇದನ್ನು ತುಂಬಾ ಜನ ತಪ್ಪು ಮಾಡುತ್ತಾರೆ. ಬುಷ್ ಹಾಕುವಾಗ ಗಾಡಿ ಮೇಲಿದ್ದು ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಆಮೇಲೆ ಕೆಳಗಿಳಿಸಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಹರಿಯುತ್ತದೆ. ಬೋಲ್ಟ್ ಸುಮ್ನೆ ಕೂರಿಸಿ, ಗಾಡಿ ನೆಲಕ್ಕಿಳಿಸಿ, ಒಂದೆರಡು ಸಲ ಮೇಲಿನಿಂದ ಒತ್ತಿ, ಆಮೇಲೆ ಬಿಗಿ ಮಾಡಬೇಕು. ಎದುರಲ್ಲೇ ನಿಂತು ಮಾಡಿಸಿ.

ಮಣ್ಣಿನಟ್ರ್ಯಾಕ್, ಚಿಕ್ಕಮಗಳೂರು

ಸರ್ ಹೇಳಿದ್ದೆಲ್ಲ ಸರಿ. ಅದರ ಜೊತೆ ಒಂದು ಪರೀಕ್ಷೆ ಮಾಡಿ, ಐದು ರೂಪಾಯಿ ಖರ್ಚು. ನಾನು ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಕಾರು ರೇಸ್) ಓಡಿಸುತ್ತೇನೆ, ನಮ್ಮಲ್ಲಿ ಎಲ್ಲರೂ ಮಾಡುವುದು ಇದನ್ನೇ.

ಮುಂದಿನ ಶಾಕ್‌ನ ರಬ್ಬರ್ ಗವಸು ಮೇಲೆತ್ತಿ. ಒಳಗೆ ಹೊಳೆಯುವ ರಾಡ್ ಕಾಣುತ್ತದೆ. ಅದಕ್ಕೊಂದು ಸಣ್ಣ ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಶಾಕ್‌ನ ಬಾಯಿಯವರೆಗೆ ಕೆಳಗೆ ತಳ್ಳಿ. ಘಾಟಿ ಇಳಿದು ಬನ್ನಿ. ಶಾಕ್ ಎಷ್ಟು ಒಳಗೆ ಹೋಗಿದೆಯೋ ಟೈ ಅಷ್ಟು ಮೇಲೆ ಸರಿದಿರುತ್ತದೆ. ಮೇಲಿರುವ ಬಂಪ್ ಸ್ಟಾಪ್ ರಬ್ಬರ್‌ಗೆ (ಶಾಕ್ ಇನ್ನೂ ಒಳಗೆ ಹೋಗದಂತೆ ತಡೆಯುವುದು ಅದು) ಹೋಗಿ ತಾಕಿದ್ದರೆ ನಿಮ್ಮ ಕಳ್ಳ ಸಿಕ್ಕಿದ ಹಾಗೆ.

ಮತ್ತೆ ಸೀಮೆಸುಣ್ಣ. ಮುಂದಿನ ಟೈರಿನ ಅಂಚಿನಲ್ಲಿ, ನಡೆಯಿಂದ (ನೆಲಕ್ಕೆ ತಾಗುವ ಮೈ) ಪಕ್ಕದ ಗೋಡೆಯವರೆಗೆ, ಅಡ್ಡ ಗೆರೆ ಎಳೆಯಿರಿ, ಮೂರು ಕಡೆ. ನಾಲ್ಕು ತಿರುವು ಆದ ಮೇಲೆ ನಿಲ್ಲಿಸಿ ನೋಡಿ. ಗೆರೆ ಪಕ್ಕದ ಗೋಡೆಯ ಮೇಲೂ ಅಳಿಸಿಹೋಗಿದ್ದರೆ ಟೈರ್ ಮಗುಚಿಕೊಳ್ಳುತ್ತಿದೆ, ಗಾಳಿ ಕಡಿಮೆ ಅಥವಾ ಕ್ಯಾಂಬರ್ ಸಾಲದು.

ಸ್ಟಟ್‌ಗಾರ್ಟ್‌ಕನ್ನಡಿಗ, ಜರ್ಮನಿ

ಊರು ಶಿವಮೊಗ್ಗ, ಈಗ ಇಲ್ಲಿ ಚಾಸಿಸ್ ವಿಭಾಗದಲ್ಲಿ ಕೆಲಸ. ಗಟ್ಟಿ ಮಾಡಿದರೆ ಹಿಡಿತ ಜಾಸ್ತಿ ಅನ್ನುವ ಮಾತಿಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ, ಯಾಕೆಂದರೆ ಎಲ್ಲ ಗೊಂದಲ ಶುರುವಾಗುವುದು ಅಲ್ಲಿಂದಲೇ.

ಕಾರು ತಿರುಗುವಾಗ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಭಾರ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ಮೂರು ವಿಷಯದಿಂದ ತೀರ್ಮಾನ ಆಗುತ್ತದೆ: ಕಾರಿನ ತೂಕ, ತೂಕದ ಕೇಂದ್ರ ಎಷ್ಟು ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ ಎಷ್ಟು ಅಗಲ ಇದೆ. ಜನ ಕೂತ ಸ್ವಿಫ್ಟ್ 1,000 ಕೆಜಿ ಅಂದುಕೊಳ್ಳಿ, ಕೇಂದ್ರ 55 ಸೆಂಮೀ ಎತ್ತರ, ಅಗಲ ಒಂದೂವರೆ ಮೀಟರ್. 0.6 ಜಿ ತಿರುವಿನಲ್ಲಿ, ಅಂದರೆ ಕಾರಿನ ತೂಕದ 0.6 ಪಟ್ಟು ಬಲ ಪಕ್ಕಕ್ಕೆ ಎಳೆಯುವಾಗ, 1,000 × 0.6 × 0.55 ÷ 1.5, ಅಂದರೆ 220 ಕೆಜಿ ಹೊರಗಡೆಗೆ ಹೋಯಿತು. ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲಿದೆ? ಇಲ್ಲವೇ ಇಲ್ಲ. ಕಲ್ಲಿನಂಥ ಸ್ಪ್ರಿಂಗ್ ಹಾಕಿದರೂ 220, ಹತ್ತಿಯಂಥದ್ದು ಹಾಕಿದರೂ ಸರಿಸುಮಾರು 220.

ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರ್ (ಎಡ ಬಲ ಚಕ್ರ ಜೋಡಿಸಿ ವಾಲುವುದನ್ನು ತಡೆಯುವ ಕಂಬಿ) ಮಾಡುವುದು ಬೇರೆ ಕೆಲಸ. ಆ 220ರಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಅಂತ ಹಂಚುತ್ತವೆ. ಯಾವ ಕಡೆ ಗಟ್ಟಿಯೋ ಆ ಕಡೆಗೆ ಹೆಚ್ಚು ಪಾಲು. ಮತ್ತೆ ಟೈರಿನ ಗುಣ ಒಂದಿದೆ. ಅದರ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಒಂದು ಅಂದಾಜಿಗೆ, 300 ಕೆಜಿ ಹೊತ್ತ ಟೈರ್ 270 ಕೆಜಿಯಷ್ಟು ಪಕ್ಕದ ಹಿಡಿತ ಕೊಟ್ಟರೆ ಜೋಡಿಗೆ 540. ಭಾರ ಸರಿದು ಒಂದರ ಮೇಲೆ 450, ಇನ್ನೊಂದರ ಮೇಲೆ 150 ಆದರೆ 375 ಮತ್ತು 145 ಸಿಗಬಹುದು, ಒಟ್ಟು 520. ಭಾರ ಅಷ್ಟೇ, ಹಿಡಿತ 20 ಕಳೆದುಹೋಯಿತು. ಹಾಗಾಗಿ ಮುಂದೆ ಗಟ್ಟಿ ಮಾಡಿದಷ್ಟೂ ಮುಂದಿನ ಜೋಡಿ ಹಿಡಿತ ಕಳೆದುಕೊಳ್ಳುತ್ತದೆ. ಮೂತಿ ಹೊರಗೆ ಹೋಗುವ ಗಾಡಿಗೆ ಮುಂದೆ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕುವುದು ರೋಗಕ್ಕೆ ರೋಗವನ್ನೇ ಮದ್ದು ಕೊಟ್ಟ ಹಾಗೆ.

ರೇಸ್ ಕಾರು ಗಟ್ಟಿ ಇರುವುದಕ್ಕೆ ಕಾರಣ ಬೇರೆ. ಅವು ನುಣುಪಾದ ಟ್ರ್ಯಾಕ್ ಮೇಲೆ ಓಡುತ್ತವೆ, ನೆಲಕ್ಕೆ ತೀರಾ ಹತ್ತಿರ ಇರುತ್ತವೆ, ಹಲವಕ್ಕೆ ಗಾಳಿಯ ಒತ್ತಡ ಕೆಳಗೆ ತಳ್ಳುತ್ತದೆ, ಟೈರ್ ಕೋನ ಒಂದಿಷ್ಟೂ ಬದಲಾಗಬಾರದು. ರ‍್ಯಾಲಿ ಕಾರು ನೋಡಿ, ಎಷ್ಟು ಮೆತ್ತಗೆ, ಎಷ್ಟು ಉದ್ದಕ್ಕೆ ಮೇಲೆ ಕೆಳಗೆ ಆಡುತ್ತದೆ. ಚಾರ್ಮಾಡಿ ಯಾವುದಕ್ಕೆ ಹತ್ತಿರ ಅಂತ ನಾನು ಹೇಳಬೇಕಿಲ್ಲ.

ಟ್ರ್ಯಾಕ್‌ದಿನ, ಬೆಂಗಳೂರು

ಲೆಕ್ಕ ಒಪ್ಪುತ್ತೇನೆ. ಆದರೆ ನಾನು ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಿ ಓಡಿಸಿದಾಗ ಗಾಡಿ ನಿಜವಾಗಲೂ ಚೆನ್ನಾಗಿ ತಿರುಗಿತು. ಅದಕ್ಕೇನು ಹೇಳುತ್ತೀರಿ?

ಸ್ಟಟ್‌ಗಾರ್ಟ್‌ಕನ್ನಡಿಗ, ಜರ್ಮನಿ

ತಿರುಗಿರುತ್ತದೆ, ಅನುಮಾನ ಇಲ್ಲ. ನಮ್ಮ ಈ ಸಣ್ಣ ಕಾರುಗಳಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬವಾಗಿರುವ ಜೋಡಣೆ. ಗಾಡಿ ತುಂಬಾ ವಾಲಿದರೆ ಹೊರಗಿನ ಚಕ್ರವೂ ವಾಲಿ ಟೈರಿನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ನುಣುಪು ಟ್ರ್ಯಾಕಿನಲ್ಲಿ ವಾಲುವುದು ಕಡಿಮೆಯಾದರೆ ಟೈರ್ ಚಪ್ಪಟೆಯಾಗಿ ಕೂರುತ್ತದೆ, ಆ ಲಾಭ ಭಾರ ಹಂಚಿಕೆಯ ನಷ್ಟಕ್ಕಿಂತ ದೊಡ್ಡದಾಗಬಹುದು. ನೀವು ಹಿಂದೆಯೂ ಗಟ್ಟಿ ಮಾಡಿಸಿದ್ದಿರಿ ಅನ್ನಿಸುತ್ತದೆ, ಸರಿಯಾ?

ಟ್ರ್ಯಾಕ್‌ದಿನ, ಬೆಂಗಳೂರು

ಹೌದು, ನಾಲ್ಕೂ ಬದಲಾಯಿಸಿದ್ದೆ, ಹಿಂದಿನವು ಮುಂದಿನದಕ್ಕಿಂತ ಹೆಚ್ಚು ಗಟ್ಟಿ. ಶಾಕ್ಸ್ ಕೂಡ. ಸರಿ, ಅರ್ಥವಾಯಿತು. ಮುಂದೆ ಮಾತ್ರ ಗಟ್ಟಿ ಮಾಡಿ ಅಂದ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಆಗುಂಬೆಮಳೆ, ತೀರ್ಥಹಳ್ಳಿ

ನಾನು ಶಾಲೆಯ ಕೆಲಸಕ್ಕೆ ವಾರದಲ್ಲಿ ಮೂರು ನಾಲ್ಕು ದಿನ ಆಗುಂಬೆ ಇಳಿದು ಹತ್ತುತ್ತೇನೆ, ಹದಿನಾಲ್ಕು ಹೇರ್‌ಪಿನ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ರಸ್ತೆ. ನನಗೆ ಜಿ ಲೆಕ್ಕ ಬರುವುದಿಲ್ಲ. ಆದರೆ ಒಂದು ವಿಷಯ ಹೇಳಲೇಬೇಕು.

ಮೂತಿ ಹೊರಗೆ ಹೋಗುವುದನ್ನು ತಪ್ಪಿಸಲು ಹೋಗಿ ಹಿಂಭಾಗ ಬೀಸುವ ಹಾಗೆ ಮಾಡಿಕೊಳ್ಳಬೇಡಿ. ನಮ್ಮ ಮನೆಯ ಹಳೆಯ ಸೆಡಾನ್ ಹಿಂದೆ ಕೂರುತ್ತದೆ, ಹಂಪ್‌ಗೆ ತಾಗುತ್ತದೆ ಅಂತ ನಮ್ಮವರು ಹಿಂದಿನ ಸ್ಪ್ರಿಂಗ್ ಸುರುಳಿಯ ನಡುವೆ ರಬ್ಬರ್ ಬಫರ್ ಹಾಕಿಸಿದರು. ಹಂಪ್‌ಗೆ ತಾಗುವುದು ನಿಂತಿತು. ಆ ವರ್ಷ ಜುಲೈನಲ್ಲಿ ಹುಲಿಕಲ್ ಘಾಟಿ ಇಳಿಯುವಾಗ ಸಣ್ಣ ಮಳೆ, ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟೆ, ಹಿಂಭಾಗ ಬಲಕ್ಕೆ ಬೀಸಿ ಗಾಡಿ ಅಡ್ಡ ನಿಂತಿತು. ಎದುರಿಗೆ ಬಸ್ಸು ಇರಲಿಲ್ಲ. ಮಗಳು ಹಿಂದೆ ಕೂತಿದ್ದಳು. ಮರುದಿನವೇ ಬಫರ್ ತೆಗೆಸಿದೆ.

ಸ್ಟಟ್‌ಗಾರ್ಟ್‌ಕನ್ನಡಿಗ, ಜರ್ಮನಿ

ಮೇಡಂ, ನೀವು ಬರೆದದ್ದು ನನ್ನ ಉದ್ದದ ಲೆಕ್ಕಕ್ಕಿಂತ ಮುಖ್ಯ. ಬಫರ್ ಹಾಕಿದರೆ ಸ್ಪ್ರಿಂಗಿನ ಒಂದೆರಡು ಸುರುಳಿ ಕೆಲಸ ಮಾಡುವುದನ್ನೇ ನಿಲ್ಲಿಸುತ್ತವೆ, ಉಳಿದದ್ದು ಗಟ್ಟಿಯಾಗುತ್ತದೆ. ಹಿಂದೆ ಗಟ್ಟಿಯಾಯಿತು, ಹಿಂದಿನ ಹಿಡಿತ ಕಡಿಮೆಯಾಯಿತು. ಆಕ್ಸಿಲರೇಟರ್ ಬಿಟ್ಟಾಗ ಭಾರ ಮುಂದಕ್ಕೆ ಹೋಗಿ ಹಿಂದಿನ ಟೈರ್ ಇನ್ನೂ ಹಗುರಾಯಿತು. ರಸ್ತೆ ಒದ್ದೆ. ಮೂರೂ ಸೇರಿದವು.

ಕಂಪನಿಯವರು ಮನೆಬಳಕೆಯ ಕಾರನ್ನು ಬೇಕೆಂದೇ ಸ್ವಲ್ಪ ಮೂತಿ ಹೊರಗೆ ಹೋಗುವಂತೆ ಮಾಡಿರುತ್ತಾರೆ. ಯಾಕೆಂದರೆ ಹಾಗಾದಾಗ ಹೆದರಿದ ಮನುಷ್ಯ ಮಾಡುವ ಕೆಲಸವೇ, ಅಂದರೆ ಕಾಲು ತೆಗೆಯುವುದೇ, ಸರಿಯಾದ ಪರಿಹಾರ. ಹಿಂಭಾಗ ಬೀಸಿದಾಗ ಅದೇ ಕೆಲಸ ಪೆಟ್ಟು ಕೊಡುತ್ತದೆ. ಹಾಗಾಗಿ ರಸ್ತೆ ಕಾರಿನಲ್ಲಿ ನಾವು ಸಮತೋಲ ಅನ್ನುವುದು ಅರ್ಧಕ್ಕರ್ಧ ಹಂಚಿಕೆ ಅಲ್ಲ. ಮೂತಿ ಸ್ವಲ್ಪ, ಬಹಳ ಸ್ವಲ್ಪ, ಮೊದಲು ಸೋಲಬೇಕು. ಅದೂ ಮನೆಯವರೆಲ್ಲ ಕೂತು ಡಿಕ್ಕಿ ತುಂಬಿದಾಗಲೂ.

ಘಟ್ಟದಸವಾರ, ಹಾಸನ

ಕೇಬಲ್ ಟೈ ಪರೀಕ್ಷೆ ಮಾಡಿದೆ. ಎರಡೂ ಕಡೆ ಟೈ ಬಂಪ್ ಸ್ಟಾಪ್‌ಗೆ ಒತ್ತಿ ತುಂಡಾಗಿದೆ! ರಬ್ಬರ್ ಮೇಲೆ ಗುರುತೂ ಇದೆ. ಸೀಮೆಸುಣ್ಣದ ಗೆರೆ ಪಕ್ಕದ ಗೋಡೆಯ ಮೇಲೆ ಒಂದು ಬೆರಳಗಲ ಅಳಿಸಿದೆ, ಬಲಗಡೆ ಜಾಸ್ತಿ.

ಮಣ್ಣಿನಟ್ರ್ಯಾಕ್, ಚಿಕ್ಕಮಗಳೂರು

ಅಲ್ಲಿಗೆ ಮುಗಿಯಿತು. ಬಂಪ್ ಸ್ಟಾಪ್‌ಗೆ ತಾಗಿದ ಆ ಕ್ಷಣ ಸ್ಪ್ರಿಂಗ್ ಇಲ್ಲದ ಹಾಗೆ. ಮುಂದೆ ಗಟ್ಟಿತನ ಒಮ್ಮೆಗೇ ಎಷ್ಟೋ ಪಟ್ಟು ಏರುತ್ತದೆ, ಅಂದರೆ ಮುಂದಿನ ಟೈರ್ ಮೇಲೆ ಭಾರ ದಿಢೀರ್ ಬೀಳುತ್ತದೆ, ಮೂತಿ ಹೊರಗೆ. ನೀವು ಅನುಭವಿಸುತ್ತಿರುವುದು ಇದನ್ನೇ.

ಸ್ಟಟ್‌ಗಾರ್ಟ್‌ಕನ್ನಡಿಗ, ಜರ್ಮನಿ

ಯಾಕೆ ಘಾಟಿಯಲ್ಲೇ ಆಗುತ್ತದೆ ಅನ್ನುವುದಕ್ಕೂ ಲೆಕ್ಕ ಕೂಡುತ್ತದೆ. ತಿರುವಿಗೆ ಮೊದಲು 0.4 ಜಿ ಬ್ರೇಕ್ ಹಾಕಿದರೆ, ಸ್ವಿಫ್ಟಿನ ಮುಂದಿನ ಹಿಂದಿನ ಚಕ್ರಗಳ ಅಂತರ 2.45 ಮೀಟರ್, 1,000 × 0.4 × 0.55 ÷ 2.45, ಸುಮಾರು 90 ಕೆಜಿ ಮುಂದಕ್ಕೆ ಬರುತ್ತದೆ. ಇಳಿಜಾರು ಅದಕ್ಕೆ ಇನ್ನೊಂದಿಷ್ಟು ಸೇರಿಸುತ್ತದೆ. ಒಂದೊಂದು ಚಕ್ರಕ್ಕೆ 50 ಕೆಜಿ ಅನ್ನಿ. ಸ್ಪ್ರಿಂಗ್ ಒಂದು ಮಿಮೀ ಕುಗ್ಗಲು ಎರಡೂವರೆ ಕೆಜಿ ಬೇಕು ಅಂದುಕೊಂಡರೂ 20 ಮಿಮೀ ಹೋಯಿತು. ಅದರ ಮೇಲೆ ತಿರುವಿನಲ್ಲಿ ವಾಲುವುದು ಇನ್ನೂ 25, 30 ಮಿಮೀ. ನೀವು ಸ್ಪ್ರಿಂಗ್ ಹಾಕಿಸಿದ ದಿನವೇ 35 ಮಿಮೀ ಖರ್ಚು ಮಾಡಿಬಿಟ್ಟಿದ್ದೀರಿ. ಉಳಿದ ಜಾಗದಲ್ಲಿ ಇದೆಲ್ಲ ಹಿಡಿಸುವುದಿಲ್ಲ.

ತಗ್ಗಿಸಿದರೆ ಇನ್ನೊಂದು ಕೆಡುತ್ತದೆ. ಲೋವರ್ ಆರ್ಮ್ ಮೊದಲು ಹೊರಗಡೆ ಸ್ವಲ್ಪ ಇಳಿದಿರುತ್ತದೆ ಅಥವಾ ಮಟ್ಟವಾಗಿರುತ್ತದೆ. ತಗ್ಗಿಸಿದ ಮೇಲೆ ಅದರ ಹೊರ ತುದಿ ಮೇಲಕ್ಕೆ ಹೋಗುತ್ತದೆ. ಆಗ ರೋಲ್ ಸೆಂಟರ್, ಅಂದರೆ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗಾಡಿ ತಗ್ಗಿದ್ದಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ತೂಕದ ಕೇಂದ್ರಕ್ಕೂ ಅದಕ್ಕೂ ಇರುವ ಅಂತರ ಬೆಳೆಯುತ್ತದೆ, ವಾಲಿಸುವ ಬಲ ಜಾಸ್ತಿಯಾಗುತ್ತದೆ. ವಾಲದಿರಲಿ ಎಂದು ತಗ್ಗಿಸಿದ್ದು, ಆದದ್ದು ಬೇರೆ.

ಶಾಕ್ಸ್ ವಿಷಯ: ಸ್ಪ್ರಿಂಗ್ 30 ಶೇಕಡಾ ಗಟ್ಟಿಯಾದರೆ ಅದೇ ಹದಕ್ಕೆ ಶಾಕ್ ಸುಮಾರು 14 ಶೇಕಡಾ ಹೆಚ್ಚು ತಡೆಯಬೇಕು. ಎಣ್ಣೆ ಜಿನುಗುವ ಹಳೆಯ ಶಾಕ್ ಅದನ್ನು ಮಾಡಲಾರದು. ಸ್ಟ್ರಟ್ ಬಾರ್ ಈ ಯಾವುದಕ್ಕೂ ಉತ್ತರ ಅಲ್ಲ.

ಕುಟುಂಬದಕಾರು, ದಾವಣಗೆರೆ

ಕಾನೂನಿನ ಕಡೆಯೂ ಯೋಚಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಇಂಥದ್ದನ್ನೇ.

ಸ್ಟಟ್‌ಗಾರ್ಟ್‌ಕನ್ನಡಿಗ, ಜರ್ಮನಿ

ಒಳ್ಳೆಯ ಮಾತು ಸರ್. ಇಲ್ಲಿ ಜರ್ಮನಿಯಲ್ಲಿ ಸ್ಪ್ರಿಂಗ್ ಬದಲಾಯಿಸಬಹುದು, ಆದರೆ ಆ ಸ್ಪ್ರಿಂಗ್‌ಗೆ ಪ್ರಮಾಣಪತ್ರ ಇರಬೇಕು, ಎಷ್ಟೋ ಸಲ ಗಾಡಿಯನ್ನು ಪರೀಕ್ಷೆಗೆ ಒಯ್ದು ಒಪ್ಪಿಗೆ ಪಡೆಯಬೇಕು. ಯಾವುದೋ ಸ್ಪ್ರಿಂಗ್ ತಂದು ಹಾಕುವ ಹಾಗಿಲ್ಲ.

ಅಲೈನ್ಮೆಂಟ್ಅಂಗಡಿ, ಮೈಸೂರು

ಹಾಗಾದರೆ ನನ್ನ ಸಲಹೆ ಹೀಗೆ. ಕಂಪನಿಯ ಸ್ಪ್ರಿಂಗ್ ವಾಪಸ್. ನಾಲ್ಕೂ ಶಾಕ್ಸ್ ಹೊಸದು, ಮುಂದಿನ ಎರಡು ಮಾತ್ರ ಹಾಕಿಸಿ ಹಿಂದೆ ಹಳೆಯದು ಬಿಡಬೇಡಿ. ಬಂಪ್ ಸ್ಟಾಪ್, ಸ್ಟ್ರಟ್ ಮೌಂಟ್, ಲೋವರ್ ಆರ್ಮ್ ಬುಷ್ ಎರಡೂ ಕಡೆ. ಆಮೇಲೆ ಟೋ. ಈಗ ನಿಮ್ಮದು 4 ಮಿಮೀ ಒಳಮುಖ ಇದೆ, 15 ಇಂಚು ರಿಮ್ಮಿಗೆ ಒಂದು ಮಿಮೀ ಅಂದರೆ ಹತ್ತಿರ ಹತ್ತಿರ 9 ನಿಮಿಷದ ಕೋನ, ಅಂದರೆ ಅರ್ಧ ಡಿಗ್ರಿಗೂ ಹೆಚ್ಚು. ಇದು ಸೊನ್ನೆಗೆ ಬರಲಿ. ಟೋ ಹೊರಮುಖ ಬಿಟ್ಟರೆ ತಿರುವಿಗೆ ಬೇಗ ಇಳಿಯುತ್ತದೆ ನಿಜ, ಆದರೆ ಹೈವೇನಲ್ಲಿ ಗಾಡಿ ಅಲೆಯುತ್ತದೆ, ಟೈರಿನ ಒಳ ಅಂಚು ತಿಂದುಹೋಗುತ್ತದೆ.

ಕ್ಯಾಂಬರ್ ಈ ಗಾಡಿಯಲ್ಲಿ ಹೊಂದಿಸಲು ಕಂಪನಿ ಜಾಗ ಕೊಟ್ಟಿಲ್ಲ. ಸ್ಟ್ರಟ್ ಮತ್ತು ನಕಲ್ (ಚಕ್ರ ಕೂರುವ ಲೋಹದ ಭಾಗ) ಸೇರುವ ಎರಡು ಬೋಲ್ಟ್‌ಗಳಿವೆ. ಎರಡನ್ನೂ ಸಡಿಲಿಸಿ, ಚಕ್ರದ ಮೇಲ್ಭಾಗವನ್ನು ಒಳಗೆ ತಳ್ಳಿ ಹಿಡಿದು, ಹೇಳಿದಷ್ಟು ಟಾರ್ಕ್‌ಗೆ ಬಿಗಿ ಮಾಡಿದರೆ ರಂಧ್ರದ ಸಡಿಲದಲ್ಲೇ ಸ್ವಲ್ಪ ಸಿಗುತ್ತದೆ. ಎಡ ಬಲ ಒಂದೇ ಸಮ ಬರುವುದು ಮುಖ್ಯ. ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರ ಜೋಡಿಸುವ ಒಂದೇ ತೊಲೆ), ಅಲ್ಲಿ ಹೊಂದಿಸಲು ಏನೂ ಇಲ್ಲ, ಆದರೆ ಅಳತೆ ತೆಗೆಸಿ. ಬೀಮ್ ಸೊಟ್ಟಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮಣ್ಣಿನಟ್ರ್ಯಾಕ್, ಚಿಕ್ಕಮಗಳೂರು

ಒಂದು ಕೇಳಿಕೊಳ್ಳುತ್ತೇನೆ ಅಣ್ಣಾ. ಎಲ್ಲ ಒಟ್ಟಿಗೆ ಬದಲಾಯಿಸಬೇಡಿ. ಒಂದು ಬದಲಾಯಿಸಿ, ಓಡಿಸಿ, ಬರೆದಿಟ್ಟುಕೊಳ್ಳಿ, ಆಮೇಲೆ ಮುಂದಿನದು. ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದೇ ಇಲ್ಲ. ಮತ್ತೆ ಘಾಟಿಯಲ್ಲಿ ಹಿಡಿತದ ಪರೀಕ್ಷೆ ಬೇಡವೇ ಬೇಡ, ಬಸ್ಸು, ಬೈಕು, ಕಟ್ಟೆಯ ಮೇಲೆ ಕೂತ ಮಂಗ, ಎಲ್ಲ ಇರುತ್ತವೆ. ಎಲ್ಲಾದರೂ ಖಾಲಿ ಸಿಮೆಂಟ್ ಕಣ ಸಿಕ್ಕರೆ ಮಾಲೀಕರನ್ನು ಕೇಳಿ, ಗುಡಿಸಿ, 15 ಮೀಟರ್ ಹಗ್ಗದಿಂದ ವೃತ್ತ ಎಳೆದು ಅದರ ಮೇಲೆ ಸುತ್ತಿ. ಮೂತಿ ಜಾರುವವರೆಗೆ ನಿಧಾನ ವೇಗ ಏರಿಸಿ. ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಬರೆಯಿರಿ, ಎಡಕ್ಕೆ ಮೂರು, ಬಲಕ್ಕೆ ಮೂರು. ವೇಗ ಗಂಟೆಗೆ 35 ಕಿಮೀ ಸುತ್ತಮುತ್ತ ಅಷ್ಟೇ, ಅಪಾಯ ಕಡಿಮೆ.

ಘಟ್ಟದಸವಾರ, ಹಾಸನ

ಮೂರು ವಾರ ಬೇಕಾಯಿತು. ಬೇಸರ ಮಾಡಿಕೊಳ್ಳದೆ ಓದಿ, ಎಲ್ಲವನ್ನೂ ಬರೆಯುತ್ತೇನೆ.

ಸ್ನೇಹಿತರೊಬ್ಬರ ಕಾಫಿ ಕಣ ಸಿಕ್ಕಿತು. ಕೊಯ್ಲಿಗೆ ಇನ್ನೂ ಸಮಯ ಇದೆ, ಖಾಲಿ ಇತ್ತು. ಬೆಳಗ್ಗೆ ಆರಕ್ಕೆ ಹೋಗಿ ಇಬ್ಬರೂ ಸೇರಿ ಗುಡಿಸಿದೆವು. ಮೊದಲ ದಿನ ಏನೂ ಮುಟ್ಟದೆ, ಇದ್ದ ಹಾಗೇ ಸುತ್ತಿದೆ. ಒಂದು ಸುತ್ತಿಗೆ 10.0 ಸೆಕೆಂಡ್, ಲೆಕ್ಕ ಹಾಕಿದರೆ 0.60 ಜಿ.

ಎರಡನೇ ವಾರ ಕಂಪನಿ ಸ್ಪ್ರಿಂಗ್, ನಾಲ್ಕು ಹೊಸ ಶಾಕ್ಸ್, ಬುಷ್, ಮೌಂಟ್. ನೆಲಕ್ಕಿಳಿಸಿದ ಮೇಲೆಯೇ ಬೋಲ್ಟ್ ಬಿಗಿ ಮಾಡಿಸಿದೆ, ಎದುರಲ್ಲೇ ನಿಂತಿದ್ದೆ. ಸಾಮಾನು, ಕೂಲಿ ಎಲ್ಲ ಸೇರಿ 19,400 ರೂಪಾಯಿ. ಕಣದಲ್ಲಿ ಸುತ್ತಿದರೆ 9.8. ಇಷ್ಟೇನಾ ಅಂತ ನಿಜಕ್ಕೂ ಬೇಜಾರಾಯಿತು. ಆದರೆ ಅವತ್ತೇ ಸಂಜೆ ಊರಿಗೆ ಹೊರಟೆ. ಚಾರ್ಮಾಡಿಯಲ್ಲಿ ಬೇರೆಯೇ ಗಾಡಿ! ಬ್ರೇಕ್ ಹಾಕಿ ತಿರುಗಿಸಿದರೆ ತಿರುಗುತ್ತದೆ. ಗುಂಡಿ ಬಂದರೂ ಮೂತಿ ಹಾರುವುದಿಲ್ಲ. ಮತ್ತೆ ಕಟ್ಟಿದ್ದ ಟೈ ಬಂಪ್ ಸ್ಟಾಪ್‌ಗಿಂತ ಒಂದು ಬೆರಳು ಕೆಳಗೇ ನಿಂತಿದೆ.

ಮೂರನೇ ವಾರ ಅಲೈನ್ಮೆಂಟ್. ಟೋ ಸೊನ್ನೆ. ಕ್ಯಾಂಬರ್ ತಳ್ಳಿ ಹಿಡಿದು ಎರಡೂ ಕಡೆ ಮೈನಸ್ 0.9 ಬಂತು. ಗಾಳಿ ಮುಂದೆ 35, ಹಿಂದೆ 33. ಕಣದಲ್ಲಿ 9.5 ಸೆಕೆಂಡ್, ಅಂದರೆ 0.67 ಜಿ. ಸೀಮೆಸುಣ್ಣದ ಗೆರೆ ಈಗ ಅಂಚಿನಲ್ಲೇ ನಿಲ್ಲುತ್ತದೆ, ಗೋಡೆಗೆ ಹೋಗುವುದಿಲ್ಲ.

ಸ್ಟಟ್‌ಗಾರ್ಟ್‌ಕನ್ನಡಿಗ, ಜರ್ಮನಿ

ತುಂಬಾ ಖುಷಿಯಾಯಿತು. ಕಣದಲ್ಲಿ ಕಡಿಮೆ ವ್ಯತ್ಯಾಸ, ಘಾಟಿಯಲ್ಲಿ ಜಾಸ್ತಿ ಯಾಕೆ ಅಂದರೆ, ಕಣ ಮಟ್ಟಸ, ಬ್ರೇಕ್ ಇಲ್ಲ, ಗುಂಡಿ ಇಲ್ಲ. ಅಲ್ಲಿ ಗಾಡಿ ಬಂಪ್ ಸ್ಟಾಪ್‌ಗೆ ಹೋಗುವುದೇ ಅಪರೂಪ. ಶಾಕ್ ಕೂಡ ಒಂದೇ ಸಮ ಸುತ್ತುವಾಗ ಹೆಚ್ಚೇನೂ ಮಾಡುವುದಿಲ್ಲ. ಅದರ ಕೆಲಸ ಗಾಡಿ ವಾಲುತ್ತಿರುವಾಗ, ಏಳುತ್ತಿರುವಾಗ, ಅಂದರೆ ತಿರುವಿಗೆ ಇಳಿಯುವ ಮತ್ತು ಹೊರಬರುವ ಹೊತ್ತಿನಲ್ಲಿ. ಹಾಗಾಗಿ ಮುಂದೆ ಯಾರಾದರೂ ಹೊಂದಿಸುವಾಗ, ತೊಂದರೆ ತಿರುವಿನ ಶುರುವಿನಲ್ಲೋ, ಮಧ್ಯದಲ್ಲೋ, ಕೊನೆಯಲ್ಲೋ ಅಂತ ಮೊದಲು ನೋಡಿಕೊಳ್ಳಿ. ಮಧ್ಯದಲ್ಲಾದರೆ ಸ್ಪ್ರಿಂಗ್, ಆಂಟಿ ರೋಲ್ ಬಾರ್, ಕ್ಯಾಂಬರ್, ಟೈರ್. ಶುರುವಿನಲ್ಲಾದರೆ ಶಾಕ್, ಟೋ, ಬುಷ್, ಮತ್ತೆ ಬ್ರೇಕ್ ಬಿಡುವ ರೀತಿ.

ಮಣ್ಣಿನಟ್ರ್ಯಾಕ್, ಚಿಕ್ಕಮಗಳೂರು

ಬ್ರೇಕ್ ಬಿಡುವ ರೀತಿ ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೆಟ್ಟಗಿರುವಾಗಲೇ ಪೂರ್ತಿ ಬ್ರೇಕ್, ಎರಡನೇ ಗೇರ್, ಸ್ಟೇರಿಂಗ್ ತಿರುಗಿಸುತ್ತಾ ಬ್ರೇಕ್ ಅನ್ನು ನಿಧಾನ ಬಿಡಬೇಕು, ಒಮ್ಮೆಗೇ ಅಲ್ಲ. ನಿಧಾನ ಬಿಟ್ಟರೆ ಮುಂದಿನ ಟೈರ್ ಮೇಲೆ ಭಾರ ಉಳಿಯುತ್ತದೆ, ಮೂತಿ ಒಳಗೆ ಬರುತ್ತದೆ. ಮತ್ತೆ ಟೈರ್ ಕಿರುಗುಡುತ್ತಿದ್ದರೆ ಸ್ಟೇರಿಂಗ್ ಇನ್ನೂ ತಿರುಗಿಸಬೇಡಿ. ಸಾಮಾನ್ಯ ರಸ್ತೆ ಟೈರ್ ತಾನು ಸಾಗುವ ದಿಕ್ಕಿಗೆ ಏಳೆಂಟು ಡಿಗ್ರಿ ಓರೆಯಾಗುವಷ್ಟರಲ್ಲಿ ಕೊಡುವ ಹಿಡಿತವನ್ನೆಲ್ಲ ಕೊಟ್ಟಾಗಿರುತ್ತದೆ. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಉಜ್ಜುವುದೊಂದೇ. ಸ್ಟೇರಿಂಗ್ ಸ್ವಲ್ಪ ಬಿಚ್ಚಿ, ವೇಗ ಇಳಿಯಲಿ, ಮತ್ತೆ ಹಿಡಿಯುತ್ತದೆ.

ಘಟ್ಟದಸವಾರ, ಹಾಸನ

ಒಂದು ಕೇಳಬೇಕಿತ್ತು. ಮೊನ್ನೆ ಕಣದಲ್ಲಿ ಸುಮ್ನೆ ನೋಡೋಣ ಅಂತ ಹಿಂದಿನ ಗಾಳಿ 37 ಮಾಡಿದೆ. ಸಮಯ ಅಷ್ಟೇ, 9.5. ಆದರೆ ಸ್ಟೇರಿಂಗ್ ಕಡಿಮೆ ಸಾಕಾಯಿತು, ಕಾಲು ತೆಗೆದ ಕೂಡಲೇ ಮೂತಿ ಚುರುಕಾಗಿ ಒಳಗೆ ಬಂತು. ತುಂಬಾ ಹಿಡಿಸಿತು. ಹೀಗೇ ಬಿಡಲಾ?

ಆಗುಂಬೆಮಳೆ, ತೀರ್ಥಹಳ್ಳಿ

ಬಿಡಬೇಡಿ. ನಿಮಗೆ ಹಿಡಿಸಿದ್ದು ಯಾವುದೋ, ಜುಲೈನಲ್ಲಿ ನನ್ನ ಗಾಡಿಯನ್ನು ಅಡ್ಡ ನಿಲ್ಲಿಸಿದ್ದು ಅದೇ.

ಇನ್ನೊಂದು, ಎರಡೇ ಟೈರ್ ಹೊಸದು ಹಾಕಿಸುವ ದಿನ ಬಂದರೆ ಹೊಸದನ್ನು ಹಿಂದೆ ಹಾಕಿಸಿ. ಅಂಗಡಿಯವರು ಮುಂದೆ ಅನ್ನುತ್ತಾರೆ, ಕೇಳಬೇಡಿ. ಕಾನೂನಿಗೆ 1.6 ಮಿಮೀ ನಡೆ ಇದ್ದರೆ ಸಾಕು, ಮಲೆನಾಡಿನ ಮಳೆಗೆ ಸಾಲದು. ನಾನು 3 ಮಿಮೀ ಬಂದಾಗಲೇ ಬದಲಾಯಿಸುತ್ತೇನೆ.

ಸ್ಟಟ್‌ಗಾರ್ಟ್‌ಕನ್ನಡಿಗ, ಜರ್ಮನಿ

ಮೇಡಂ ಹೇಳಿದ ಹಾಗೇ ಮಾಡಿ. ಒಬ್ಬರೇ ಹೋಗುವಾಗ ಹಿಂದೆ 33. ಐದು ಜನ, ಲಗೇಜ್ ಇದ್ದರೆ ಬಾಗಿಲ ಕಂಬದ ಸ್ಟಿಕರ್ ಮೇಲೆ ಪೂರ್ತಿ ಲೋಡಿಗೆ ಬರೆದಿರುವಷ್ಟು ಹಾಕಿ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಹತ್ತು ಡಿಗ್ರಿ ಬಿಸಿಯಾದರೆ ಒಂದೂವರೆ ಪಿಎಸ್‌ಐ ಏರುತ್ತದೆ. ಘಾಟಿ ಇಳಿದ ಮೇಲೆ ಅಳೆದು, ಜಾಸ್ತಿ ಇದೆ ಅಂತ ಗಾಳಿ ಹೊರಬಿಟ್ಟರೆ ಮರುದಿನ ಕಡಿಮೆಯಾಗಿರುತ್ತದೆ.

ಘಟ್ಟದಸವಾರ, ಹಾಸನ

ಆಯಿತು ಅಕ್ಕ, ಆಯಿತು ಸರ್. 33ಕ್ಕೇ ಇಳಿಸಿದೆ. ತೆಗೆದ ಸ್ಪ್ರಿಂಗ್‌ಗಳನ್ನು ಗುಜರಿಗೆ ಕೊಟ್ಟೆ. ಯಾರೋ ಕೇಳಿದರು, ಮಾರಲು ಮನಸ್ಸಾಗಲಿಲ್ಲ.

ಅಲೈನ್ಮೆಂಟ್ಅಂಗಡಿ, ಮೈಸೂರು

ಒಳ್ಳೆಯದು ಮಾಡಿದಿರಿ. 5,000 ಕಿಮೀ ಆದ ಮೇಲೆ ಮುಂದಿನ ಟೈರಿನ ಒಳ ಅಂಚು, ಮಧ್ಯ, ಹೊರ ಅಂಚು ಅಳೆದು ಹಾಕಿ. ಟೋ ಸರಿಯಾಗಿ ಕೂತಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಘಟ್ಟದಸವಾರ, ಹಾಸನ

5,200 ಕಿಮೀ ಆಯಿತು ಸರ್. ಎಡ ಟೈರ್ ಒಳಗೆ 5.8, ಮಧ್ಯ 5.9, ಹೊರಗೆ 5.8. ಬಲ ಟೈರ್ ಒಳಗೆ 5.8, ಮಧ್ಯ 5.9, ಹೊರಗೆ 5.6. ಬಲದ ಹೊರ ಅಂಚು ಸ್ವಲ್ಪ ಜಾಸ್ತಿ ಸವೆದಿದೆ, ಅದು ತಗ್ಗಿಸುವ ಸ್ಪ್ರಿಂಗ್ ಇದ್ದಾಗಲೇ ಹೋದದ್ದು ಅನ್ನಿಸುತ್ತದೆ.

ಅಲೈನ್ಮೆಂಟ್ಅಂಗಡಿ, ಮೈಸೂರು

ಹೌದು, ಅದು ಹಳೆಯದೇ. ಟೋ ಮುಟ್ಟಬೇಡಿ. ಟೈರ್ ಅದಲು ಬದಲು ಮಾಡಿಸುವಾಗ ಲಿಂಕ್ ರಾಡ್ ಒಮ್ಮೆ ಅಲ್ಲಾಡಿಸಿ ನೋಡಿಸಿ, ಸಾಕು.